ನ್ಯೂಟ್ರಿನೊ ಪ್ರಯೋಗದಲ್ಲಿ ಪಿಎಚ್‌ಡಿ: ಮಗಳನ್ನು ಕಳಿಸಬಹುದಾ?

ಪ್ರಶ್ನೆ: ನಾವು ಡೊಂಬಿವಿಲಿಯಲ್ಲಿ ಇರುವವರು, ಮೂಲ ಕುಂದಾಪುರದ ಕಡೆ. ನಾನು ಸಹಕಾರಿ ಬ್ಯಾಂಕಿನಲ್ಲಿದ್ದೇನೆ, ನಿವೃತ್ತಿಗೆ ನಾಲ್ಕು ವರ್ಷ ಇದೆ. ಮಗಳು ಪುಣೆಯಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಕೊನೆಯ ವರ್ಷ. ಕಳೆದ ಬೇಸಿಗೆ ರಜೆಯಲ್ಲಿ ಒಂದು ಪ್ರಯೋಗಾಲಯದಲ್ಲಿ ಡಿಟೆಕ್ಟರ್ ಕೆಲಸ ಮಾಡಿ ಬಂದಳು. ಅಂದಿನಿಂದ ನ್ಯೂಟ್ರಿನೊ ಪ್ರಯೋಗದಲ್ಲೇ ಪಿಎಚ್‌ಡಿ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್‌ನಲ್ಲಿರುವ ನನ್ನ ಭಾವ, ‘ತಮಿಳುನಾಡಿನ ಆ ಪ್ರಾಜೆಕ್ಟೇ ನಿಂತುಹೋಗಿದೆ, ಬಾಗಿಲು ಹಾಕಿದ ಅಂಗಡಿಗೆ ಕೆಲಸ ಕೇಳಿಕೊಂಡು ಹೋಗ್ತಾಳಾ? ಸುಮ್ನೆ ಡೇಟಾ ಸೈನ್ಸ್ ಕೋರ್ಸಿಗೆ ಸೇರಿಸಿ’ ಅಂತಾರೆ. ಪಿಎಚ್‌ಡಿಗೆ ಎಷ್ಟು ವರ್ಷ ಬೇಕು? ಅಷ್ಟು ದಿನ ನಾವೇ ಸಾಕಬೇಕಾ? ಮನೆ ಸಾಲ ಇನ್ನೂ ತೀರಿಲ್ಲ. ಅವಳ ಅಮ್ಮನಿಗೆ ವಿಕಿರಣದ ಭಯ. ಗಣಿಯೊಳಗೆ ಇಳಿಯಬೇಕಂತೆ, ಹುಡುಗಿಯರಿಗೆ ಆಗುತ್ತದಾ? ಮುಗಿಸಿದ ಮೇಲೆ ಕೆಲಸ ಎಲ್ಲಿ, ವಿದೇಶಕ್ಕೇ ಹೋಗಬೇಕಾ? ದಯವಿಟ್ಟು ನೇರವಾಗಿ ಹೇಳಿ.

ಉತ್ತರ: ನೇರವಾಗಿಯೇ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ಪ್ರಶ್ನೆ ಹಲವು ಇವೆ, ಆತಂಕ ಮಾತ್ರ ಒಂದೇ. ಒಂದು ದೊಡ್ಡ ಸರ್ಕಾರಿ ಪ್ರಾಜೆಕ್ಟಿಗೆ ಮಗಳ ಭವಿಷ್ಯ ಗಂಟುಬಿದ್ದು, ಆ ಪ್ರಾಜೆಕ್ಟು ನಿಂತರೆ ಗತಿ ಏನು? ಈ ಭಯ ಸರಿಯಾದದ್ದೇ. ಮುಂಬೈಯಲ್ಲಿ ಬಹಳ ವರ್ಷ ಡಿಟೆಕ್ಟರ್, ಅಂದರೆ ಕಣಗಳನ್ನು ಗುರುತಿಸುವ ಉಪಕರಣ, ಕಟ್ಟುತ್ತ, ಪಿಎಚ್‌ಡಿಗೆ ಬರುವ ಮಕ್ಕಳ ಸಂದರ್ಶನ ಮಾಡುತ್ತ ಬಂದವನು ನಾನು. ಹಾಗೆ ಗಂಟುಬಿದ್ದು ಒದ್ದಾಡಿದವರನ್ನೂ ನೋಡಿದ್ದೇನೆ, ಅದೇ ಪ್ರಾಜೆಕ್ಟಿನಲ್ಲಿದ್ದೂ ಆರಾಮಾಗಿ ದಾಟಿದವರನ್ನೂ ನೋಡಿದ್ದೇನೆ. ಇಬ್ಬರ ನಡುವಿನ ವ್ಯತ್ಯಾಸ ಬುದ್ಧಿಯದ್ದಲ್ಲ. ಪಿಎಚ್‌ಡಿ ಕೆಲಸವನ್ನು ಹೇಗೆ ಆರಿಸಿಕೊಂಡರು ಎಂಬುದರದ್ದು.

ಮೊದಲು ತಮಿಳುನಾಡಿನ ವಿಷಯ. ಆ ಪ್ರಾಜೆಕ್ಟಿನ ಹೆಸರು ಐಎನ್‌ಒ, ಭಾರತದ ನ್ಯೂಟ್ರಿನೊ ವೀಕ್ಷಣಾಲಯ. ನ್ಯೂಟ್ರಿನೊ ಅಂದರೆ ಹೆಚ್ಚುಕಡಿಮೆ ಯಾವುದಕ್ಕೂ ತಾಗದೆ ಹಾದುಹೋಗುವ ಅತಿ ಸೂಕ್ಷ್ಮ ಕಣ. ತೇನಿ ಜಿಲ್ಲೆಯ ಬೋಡಿ ಬೆಟ್ಟದಲ್ಲಿ ಸುರಂಗ ಕೊರೆದು, ಒಂದು ಕಿಲೋಮೀಟರ್‌ಗಿಂತ ದಪ್ಪದ, ಬೇರೆ ಕಣಗಳನ್ನು ತಡೆಯುವ ಬಂಡೆಯ ಮರೆಯಲ್ಲಿ 50,000 ಟನ್ ಕಬ್ಬಿಣದ ಡಿಟೆಕ್ಟರ್ ಕೂರಿಸುವ ಯೋಜನೆ ಅದು. 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಸುಮಾರು 1,500 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ಸ್ಥಳೀಯರ ವಿರೋಧ, ಪರಿಸರ ಅನುಮತಿ, ಹಸಿರು ನ್ಯಾಯಮಂಡಳಿ, ಕೋರ್ಟು ಅಂತ ಸುತ್ತು ಹೊಡೆಯಿತು. ಕೊನೆಗೆ ರಾಜ್ಯ ಸರ್ಕಾರವೂ ಬೇಡ ಎಂದಿತು. ಸುರಂಗದ ಕೆಲಸ ಶುರುವಾಗಲೇ ಇಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಭಾವ ಹೇಳಿದ್ದು ನಿಜ.

ಆದರೆ ಅಲ್ಲಿಂದ ‘ಭಾರತದಲ್ಲಿ ನ್ಯೂಟ್ರಿನೊ ಕೆಲಸವೇ ಇಲ್ಲ’ ಎಂದು ಹೇಳಿದರೆ ತಪ್ಪಾಗುತ್ತದೆ. ಐಎನ್‌ಒಗಾಗಿ ತಯಾರಾದ ಡಿಟೆಕ್ಟರ್‌ಗಳದ್ದೇ ಒಂದು ಸಣ್ಣ ರೂಪ, 85 ಟನ್ನಿನದು, ಮದುರೈಯಲ್ಲಿ ನಿಂತಿದೆ. ಸುರಂಗ ಇಲ್ಲದೆಯೇ ಅದರ ಮೇಲೆ ಪಿಎಚ್‌ಡಿಗಳಾಗಿವೆ. ಅಲ್ಲಿ ಕಲಿತವರು ಇವತ್ತು ಬೇರೆ ಬೇರೆ ದೇಶಗಳ ಪ್ರಯೋಗಗಳಲ್ಲಿದ್ದಾರೆ. ಅವರನ್ನು ಕರೆದುಕೊಂಡದ್ದು ಐಎನ್‌ಒ ಹೆಸರು ನೋಡಿ ಅಲ್ಲ, ಅವರ ಕೈಗೆ ಬಂದಿದ್ದ ಕೆಲಸ ನೋಡಿ.

ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಸಂಗತಿ ಗೊತ್ತಿರಬೇಕು. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೊಗಳನ್ನು ಜಗತ್ತಿನಲ್ಲಿ ಮೊದಲು ಗುರುತಿಸಿದ ಎರಡು ಜಾಗಗಳಲ್ಲಿ ಒಂದು ನಮ್ಮ ಕೋಲಾರದ ಚಿನ್ನದ ಗಣಿ. ವರ್ಷ 1965. ಆಳ ಸುಮಾರು 2.3 ಕಿಲೋಮೀಟರ್. ಮುಂಬೈಯ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ), ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್, ಈ ಮೂರೂ ಕಡೆಯವರು ಸೇರಿ ಮಾಡಿದ ಪ್ರಯೋಗ. ಸರಿಸುಮಾರು ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ ಅಮೆರಿಕದ ವಿಜ್ಞಾನಿ ಫ್ರೆಡರಿಕ್ ರೈನ್ಸ್ ಅವರ ತಂಡವೂ ಕಂಡಿತು. ಕೋಲಾರದ ಕೆಲಸಕ್ಕೆ ಅಡಿಪಾಯ ಬಿದ್ದದ್ದು 1951ರಲ್ಲಿ. ಮೈಸೂರು ಸೀಮೆಯಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಆಗ ಯುವ ಸಂಶೋಧಕ. ಹೋಮಿ ಭಾಭಾ ಹೇಳಿದ್ದಕ್ಕೆ ಗಣಿಯೊಳಗೆ ಉಪಕರಣ ಇಳಿಸಿ, ಆಳಕ್ಕೆ ಹೋದಂತೆ ಕಾಸ್ಮಿಕ್ ಕಣಗಳು ಎಷ್ಟು ಕಡಿಮೆಯಾಗುತ್ತವೆ ಅಂತ ಅಳೆದರು. ಮುಂದೆ ಅವರೇ ಟಿಐಎಫ್‌ಆರ್‌ನ ನಿರ್ದೇಶಕರಾದರು.

ಇದನ್ನು ಹೆಮ್ಮೆಗಾಗಿ ಮಾತ್ರ ಹೇಳುತ್ತಿಲ್ಲ. ಕೋಲಾರದ ಗಣಿಯೂ 2001ರಲ್ಲಿ ಮುಚ್ಚಿತು. ಪ್ರಯೋಗ ಅದಕ್ಕೂ ಮೊದಲೇ ನಿಂತಿತ್ತು. ಆದರೆ ಅಲ್ಲಿ ಡಿಟೆಕ್ಟರ್ ಕಟ್ಟಿ ಪಳಗಿದವರು, ಅವರ ಹತ್ತಿರ ಕಲಿತವರು ಊಟಿಯ ಕಾಸ್ಮಿಕ್ ಕಿರಣ ಪ್ರಯೋಗಕ್ಕೆ, ಜಿನೀವಾದ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ಗೆ, ಐಎನ್‌ಒಗೆ ಹೋದರು. ಈ ಕ್ಷೇತ್ರ ನಡೆಯುವುದೇ ಹೀಗೆ. ಪ್ರಾಜೆಕ್ಟುಗಳು ಬರುತ್ತವೆ, ಹೋಗುತ್ತವೆ, ವರ್ಷಗಟ್ಟಲೆ ಮುಂದಕ್ಕೂ ಹೋಗುತ್ತವೆ. ಹಾಗಾಗಿ ನಿಮ್ಮ ಮಗಳು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಯಾವ ಪ್ರಾಜೆಕ್ಟು’ ಅಂತ ಅಲ್ಲ. ‘ಐದು ವರ್ಷದಲ್ಲಿ ನನ್ನ ಕೈಗೆ ಯಾವ ಕೆಲಸ ಬರುತ್ತದೆ, ಯಾವ ಡೇಟಾ ಸಿಗುತ್ತದೆ’ ಅಂತ.

ಡಿಟೆಕ್ಟರ್ ಕೆಲಸ ಅಂದರೆ ಏನು ಅಂತ ನಿಮಗೆ ಸ್ವಲ್ಪ ಹತ್ತಿರದಿಂದ ತೋರಿಸಬೇಕು. ಯಾಕೆಂದರೆ ಮಗಳು ಮನಸೋತಿರುವುದು ಅದಕ್ಕೇ ಅಂತ ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತದೆ.

ಐಎನ್‌ಒಗೆ ಆರಿಸಿದ್ದು ಆರ್‌ಪಿಸಿ ಎಂಬ ಡಿಟೆಕ್ಟರ್. ಎರಡು ಗಾಜಿನ ಹಾಳೆ, ಒಂದೊಂದೂ ಎರಡು ಮೀಟರ್ ಉದ್ದಗಲ, 3 ಮಿಲಿಮೀಟರ್ ದಪ್ಪ. ಕಿಟಕಿಗೆ ಹಾಕುತ್ತಾರಲ್ಲ, ಹೆಚ್ಚುಕಡಿಮೆ ಅದೇ ಗಾಜು. ಎರಡರ ನಡುವೆ 2 ಮಿಲಿಮೀಟರ್ ಸಂದು. ಆ ಸಂದು ಎಲ್ಲ ಕಡೆ ಒಂದೇ ಸಮ ಇರಬೇಕು ಅಂತ ಅಲ್ಲಲ್ಲಿ ಗುಂಡಿಯಂಥ ಪ್ಲಾಸ್ಟಿಕ್ ಬಿಲ್ಲೆಗಳನ್ನು ಅಂಟಿಸುತ್ತಾರೆ. ಗಾಜಿನ ಹೊರಮೈಗೆ ಗ್ರಾಫೈಟ್ ಬಣ್ಣ ಬಳಿಯುತ್ತಾರೆ. ಸಂದಿನಲ್ಲಿ ಗ್ಯಾಸು ಹರಿಯುತ್ತಿರುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಕಾರಿನ ಎಸಿಯಲ್ಲಿ ಬಳಸುವ ಆರ್-134ಎ. ಗ್ರಾಫೈಟಿಗೆ ಸುಮಾರು 10,000 ವೋಲ್ಟ್ ಕೊಡುತ್ತಾರೆ. ನ್ಯೂಟ್ರಿನೊ ಕಬ್ಬಿಣಕ್ಕೆ ಬಡಿದು ಮ್ಯೂಯಾನ್ ಎಂಬ ಕಣ ಹುಟ್ಟಿತು ಅಂತಿಟ್ಟುಕೊಳ್ಳಿ. ಅದು ಗ್ಯಾಸಿನಲ್ಲಿ ಹಾದುಹೋದ ಕಡೆ ಸಣ್ಣ ಮಿಂಚು. ಆ ಮಿಂಚಿನ ಸುಳಿವನ್ನು ಮೇಲೂ ಕೆಳಗೂ ಇರುವ ತಾಮ್ರದ ಪಟ್ಟಿಗಳು ಹಿಡಿಯುತ್ತವೆ, ಸೆಕೆಂಡಿನ ನೂರು ಕೋಟಿಯ ಒಂದು ಭಾಗದಷ್ಟು ಕರಾರುವಾಕ್ಕಾಗಿ. ಇಂಥ ಸುಮಾರು 29,000 ಡಿಟೆಕ್ಟರ್ ಬೇಕಿತ್ತು ಐಎನ್‌ಒಗೆ.

ಕೇಳಲಿಕ್ಕೆ ಸುಲಭ. ಕಟ್ಟಲಿಕ್ಕೆ ಕೂತಾಗ ಗೊತ್ತಾಗುತ್ತದೆ. ಒಂದು ಬಿಲ್ಲೆಯ ಅಂಟು ಬಿಟ್ಟರೆ ಗ್ಯಾಸಿನ ಒತ್ತಡಕ್ಕೆ ಗಾಜು ಉಬ್ಬುತ್ತದೆ, ಆ ಜಾಗದಲ್ಲಿ ಸಿಗ್ನಲ್ ಕೆಡುತ್ತದೆ. ಗ್ರಾಫೈಟ್ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದರೂ ಕಷ್ಟ. ನಮ್ಮ ಮುಂಬೈಯಲ್ಲಿ ಮಳೆಗಾಲ ಬೇರೆ! ಒಬ್ಬ ವಿದ್ಯಾರ್ಥಿನಿಯ ಡಿಟೆಕ್ಟರ್ ಮೇ ತಿಂಗಳವರೆಗೆ ಚೆನ್ನಾಗಿ ನಡೆಯುತ್ತಿತ್ತು. ಜೂನ್ ಮಳೆ ಹಿಡಿದದ್ದೇ ತಡ, ಸೋರುವ ಕರೆಂಟು ದಿನದಿನಕ್ಕೆ ಏರತೊಡಗಿತು. ಗ್ಯಾಸು ಸೋರುತ್ತಿದೆಯೇ ನೋಡಿದಳು, ಇಲ್ಲ. ವೋಲ್ಟೇಜ್ ಸಪ್ಲೈ ಬದಲಾಯಿಸಿದಳು, ಹಾಗೇ ಇತ್ತು. ಆಮೇಲೆ ಕೋಣೆಯ ತೇವಾಂಶವನ್ನೂ ಕರೆಂಟನ್ನೂ ಪಕ್ಕಪಕ್ಕ ಗೀಚಿ ನೋಡಿದಳು. ಎರಡೂ ಜೊತೆಜೊತೆಯಾಗಿ ಏರಿಳಿಯುತ್ತಿದ್ದವು. ಗಾಜಿನ ಅಂಚಿನಲ್ಲಿ, ವೈರು ಸೇರುವ ಕಡೆ, ಹೊರಗಿನ ತೇವ ಕೂತು ಕರೆಂಟಿಗೆ ದಾರಿ ಮಾಡಿಕೊಡುತ್ತಿತ್ತು. ಅಂಚಿಗೆ ಸರಿಯಾದ ಹೊದಿಕೆ ಕೊಟ್ಟು, ತೇವ ಹೀರುವ ಯಂತ್ರ ಹಗಲೂ ರಾತ್ರಿ ಓಡಿಸಿದ ಮೇಲೆ ಕರೆಂಟು ಇಳಿಯಿತು.

ಆ ಹುಡುಗಿಯ ಥೀಸಿಸ್‌ನಲ್ಲಿ ಇದಕ್ಕೆ ಸಿಕ್ಕಿದ್ದು ಒಂದೆರಡು ಪುಟ. ಆದರೆ ಆಮೇಲೆ ಅವಳನ್ನು ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸಕ್ಕೆ, ಸಂದರ್ಶನ ಮಾಡಿದವರು ಹೆಚ್ಚು ಹೊತ್ತು ಕೇಳಿದ್ದು ಇದನ್ನೇ. ಕೆಟ್ಟುಹೋದ ಯಂತ್ರದ ಮುಂದೆ ಹೆದರದೆ ಕೂತು, ಒಂದೊಂದೇ ಕಾರಣವನ್ನು ತಳ್ಳಿಹಾಕಿ, ನಿಜವಾದ ಕಾರಣಕ್ಕೆ ಬರುವವರು ಯಾವ ಪ್ರಯೋಗಕ್ಕಾದರೂ ಬೇಕು. ನಿಮ್ಮ ಮಗಳಿಗೆ ಈ ಥರದ ಕೆಲಸದಲ್ಲಿ ಖುಷಿ ಸಿಗುತ್ತಿದ್ದರೆ ಅವಳ ಹಟವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬರೀ ‘ನ್ಯೂಟ್ರಿನೊ’ ಎಂಬ ಹೆಸರಿನ ಮೋಹ ಆಗಿದ್ದರೆ ಮಾತ್ರ ಇನ್ನೊಮ್ಮೆ ಯೋಚಿಸಲಿ. ಯಾವುದು ಅಂತ ತಿಳಿಯುವುದು ಸುಲಭ. ಕಳೆದ ಬೇಸಿಗೆಯಲ್ಲಿ ಏನು ಮಾಡಿದೆ ಅಂತ ಕೇಳಿ. ಉತ್ತರದಲ್ಲಿ ಬ್ರಹ್ಮಾಂಡದ ರಹಸ್ಯ ಜಾಸ್ತಿ ಬರುತ್ತದೋ, ಕೇಬಲ್ಲು, ಸಿಗ್ನಲ್ಲು, ಸರಿಹೋಗದ ಸರ್ಕ್ಯೂಟಿನ ಕಥೆ ಜಾಸ್ತಿ ಬರುತ್ತದೋ ಗಮನಿಸಿ.

ಈಗ ದಾರಿಗಳು. ಅವಳು ಮುಂಬೈ ಬಿಡದೆಯೇ ಮಾಡಬಹುದಾದ ಕೆಲಸ ಇದೆ. ಟ್ರಾಂಬೆಯ ಬಿಎಆರ್‌ಸಿಯಲ್ಲಿ (ಭಾಭಾ ಅಣು ಸಂಶೋಧನಾ ಕೇಂದ್ರ) ಧ್ರುವ ರಿಯಾಕ್ಟರ್ ಇದೆಯಲ್ಲ, ರಿಯಾಕ್ಟರ್‌ಗಳಿಂದ ಧಾರಾಳವಾಗಿ ಆಂಟಿನ್ಯೂಟ್ರಿನೊಗಳು, ಅಂದರೆ ನ್ಯೂಟ್ರಿನೊದ ಪ್ರತಿಕಣಗಳು, ಹೊರಬರುತ್ತವೆ. ಅವನ್ನು ಹಿಡಿಯಲೆಂದು ರಿಯಾಕ್ಟರ್‌ನ ಗರ್ಭದಿಂದ ಸುಮಾರು 13 ಮೀಟರ್ ದೂರದಲ್ಲಿ ಇಸ್ಮ್‌ರಾನ್ ಎಂಬ ಡಿಟೆಕ್ಟರ್ ಕಟ್ಟಿದ್ದಾರೆ. ಮೀಟರ್ ಉದ್ದದ ಪ್ಲಾಸ್ಟಿಕ್ ಸಿಂಟಿಲೇಟರ್ (ಕಣ ಹಾದಾಗ ಮಿನುಗುವ ವಸ್ತು) ತೊಲೆಗಳನ್ನು ಗ್ಯಾಡೊಲಿನಿಯಂ ಎಂಬ ಲೋಹದ ಲೇಪವಿರುವ ಹಾಳೆಯಲ್ಲಿ ಸುತ್ತಿ ಪೇರಿಸಿದ್ದು, ಒಟ್ಟು ಸುಮಾರು ಒಂದು ಟನ್. ಗಣಿಯೂ ಇಲ್ಲ, ಸುರಂಗವೂ ಇಲ್ಲ. ಇನ್ನು ಕೊಲಾಬಾದ ತುದಿಯಲ್ಲಿರುವ ಟಿಐಎಫ್‌ಆರ್‌ನಲ್ಲಿ ತವರ ಎಂಬ ಲೋಹವನ್ನು ಬಳಸಿ ಅತಿ ತಣ್ಣಗಿನ ಡಿಟೆಕ್ಟರ್ ಮಾಡುವ ಕೆಲಸ ನಡೆದುಬಂದಿದೆ. ನ್ಯೂಟ್ರಿನೊ ತನಗೆ ತಾನೇ ಪ್ರತಿಕಣವಾ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಅದು. ಅದೇ ಸಂಸ್ಥೆಯವರು ಸರ್ನ್‌ನ ಸಿಎಂಎಸ್ ಪ್ರಯೋಗಕ್ಕೆ, ಜಪಾನಿನ ಬೆಲ್ಲೆ-2 ಪ್ರಯೋಗಕ್ಕೆ ಡಿಟೆಕ್ಟರ್ ಭಾಗಗಳನ್ನು ಕಟ್ಟಿಕೊಟ್ಟಿದ್ದಾರೆ. ಪುಣೆಯ ಐಸರ್ (ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಕೂಡ ಸಿಎಂಎಸ್‌ನಲ್ಲಿದೆ. ಇವು ನ್ಯೂಟ್ರಿನೊ ಅಲ್ಲ. ಆದರೂ ಅಲ್ಲಿ ಕಲಿತ ಸಿಲಿಕಾನ್, ಸಿಂಟಿಲೇಟರ್, ಎಲೆಕ್ಟ್ರಾನಿಕ್ಸ್ ಕೆಲಸ ನಾಳೆ ನ್ಯೂಟ್ರಿನೊಗೂ ಆಗುತ್ತದೆ. ಇಂಥ ಆಫರ್ ಬಂದರೆ ‘ನ್ಯೂಟ್ರಿನೊ ಅಲ್ಲ’ ಎಂಬ ಒಂದೇ ಕಾರಣಕ್ಕೆ ಬಿಡಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಸಣ್ಣ ಪ್ರಯೋಗದ ಅಪಾಯ ಏನು? ಕೈಕೆಲಸ ಚೆನ್ನಾಗಿ ಬರುತ್ತದೆ. ಆದರೆ ಒಂದು ಭಾಗ ಬರುವುದು ತಡವಾದರೆ, ಒಂದು ಟೆಂಡರ್ ಸಿಕ್ಕಿಹಾಕಿಕೊಂಡರೆ, ಇಡೀ ವರ್ಷ ಹೋಗುತ್ತದೆ. ಗೈಡ್ ನಿವೃತ್ತರಾದರೆ ತಂಡವೇ ಚದುರಬಹುದು.

ಇನ್ನೊಂದು ದಾರಿ, ಭಾರತದ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ವಿದೇಶದ ದೊಡ್ಡ ಪ್ರಯೋಗದಲ್ಲಿ ಕೆಲಸ. ಅಮೆರಿಕದ ನೋವಾ ಪ್ರಯೋಗ 2014ರಿಂದ ಡೇಟಾ ತೆಗೆಯುತ್ತಿದೆ. ಫರ್ಮಿಲ್ಯಾಬ್ ಎಂಬ ಅಲ್ಲಿನ ಪ್ರಯೋಗಾಲಯದಿಂದ ಹೊರಟ ನ್ಯೂಟ್ರಿನೊಗಳನ್ನು 810 ಕಿಲೋಮೀಟರ್ ದೂರದಲ್ಲಿ 14,000 ಟನ್ನಿನ ಡಿಟೆಕ್ಟರ್ ಹಿಡಿಯುತ್ತದೆ. ದೆಹಲಿ, ಹೈದರಾಬಾದ್, ಗುವಾಹಟಿ, ಕೊಚ್ಚಿನ್ ಮುಂತಾದ ಕಡೆಯ ತಂಡಗಳು ಅದರಲ್ಲಿವೆ. ಮುಂದಿನ ದೊಡ್ಡ ಪ್ರಯೋಗ ಡ್ಯೂನ್, ಅದೂ ಫರ್ಮಿಲ್ಯಾಬ್‌ನ ನ್ಯೂಟ್ರಿನೊಗಳದ್ದೇ. ದೂರ 1,300 ಕಿಲೋಮೀಟರ್, ದಕ್ಷಿಣ ಡಕೋಟದ ಹಳೆಯ ಚಿನ್ನದ ಗಣಿಯಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಆಳ, ಒಂದೊಂದು ತೊಟ್ಟಿಯಲ್ಲಿ 17,000 ಟನ್ ದ್ರವ ಆರ್ಗಾನ್. ಫರ್ಮಿಲ್ಯಾಬ್ ಈ ನ್ಯೂಟ್ರಿನೊ ಕಿರಣಕ್ಕಾಗಿ ಕಟ್ಟುತ್ತಿರುವ ಹೊಸ ವೇಗವರ್ಧಕಕ್ಕೆ ಭಾರತದ ಅಣುಶಕ್ತಿ ಇಲಾಖೆಯೂ ಭಾಗಗಳನ್ನು ಮಾಡಿಕೊಡುತ್ತಿದೆ. ಇದೆಲ್ಲ ಕೇಳಿದರೆ ಯಾರಿಗಾದರೂ ಡ್ಯೂನ್ ಕಡೆಗೇ ಮನಸ್ಸು ಹೋಗುತ್ತದೆ. ಇಲ್ಲೇ ಎಚ್ಚರ ಬೇಕು. ಇವತ್ತು ಸೇರಿದವಳ ಪಿಎಚ್‌ಡಿ ಮುಗಿಯುವ ಹೊತ್ತಿಗೆ ಡ್ಯೂನ್‌ನ ದೂರದ ಡಿಟೆಕ್ಟರ್‌ಗೆ ನ್ಯೂಟ್ರಿನೊ ಕಿರಣ ಬಂದಿರುತ್ತದೆ ಅಂತ ನಂಬಿಕೊಂಡು ಥೀಸಿಸ್ ಕಟ್ಟುವ ಹಾಗಿಲ್ಲ. ಸರ್ನ್‌ನಲ್ಲಿ ಅದರ ಮಾದರಿ ಡಿಟೆಕ್ಟರ್ ಇದೆ, ಅದರ ಡೇಟಾ ಇದೆ. ಅದರ ಮೇಲೆ ಥೀಸಿಸ್ ಅಂದರೆ ಸರಿ. ಬರೀ ಸಿಮ್ಯುಲೇಷನ್ ಅಂದರೆ ನಾನು ಒಪ್ಪುವುದಿಲ್ಲ. ಕಂಪ್ಯೂಟರ್‌ನಲ್ಲಿ ಮಾತ್ರ ಇರುವ ಡಿಟೆಕ್ಟರ್ ಕೆಡುವುದಿಲ್ಲ, ಕೆಡದ ಯಂತ್ರದಿಂದ ಪ್ರಯೋಗ ಮಾಡುವುದನ್ನು ಕಲಿಯಲಾಗುವುದಿಲ್ಲ.

ದೊಡ್ಡ ಪ್ರಯೋಗದ ಇನ್ನೊಂದು ಕಷ್ಟ, ಪ್ರಬಂಧದ ಮೇಲೆ ನೂರಾರು ಹೆಸರು ಇರುತ್ತವೆ. ಡ್ಯೂನ್‌ನಲ್ಲಿ ಸಾವಿರಕ್ಕಿಂತ ಜಾಸ್ತಿ ಜನ ಇದ್ದಾರೆ. ಹೆಸರುಗಳು ಅಕಾರಾದಿಯಾಗಿ ಬರುತ್ತವೆ. ‘ಇದರಲ್ಲಿ ನಿನ್ನ ಕೆಲಸ ಯಾವುದಮ್ಮಾ’ ಅಂತ ಸಂದರ್ಶನದಲ್ಲಿ ಕೇಳಿದರೆ ಉತ್ತರ ಇರಬೇಕು. ಅದಕ್ಕೇ ಪಿಎಚ್‌ಡಿ ಅವಧಿಯಲ್ಲಿ ಡಿಟೆಕ್ಟರ್ ಬಗ್ಗೆ ಮೂರು–ನಾಲ್ಕು ಜನರ ಒಂದು ಚಿಕ್ಕ ಪ್ರಬಂಧವಾದರೂ ಬರಲೇಬೇಕು, ಅದರಲ್ಲಿ ಅವಳ ಹೆಸರು ಮೊದಲಿರಬೇಕು. ಉದಾಹರಣೆಗೆ, ಮೇಲೆ ಹೇಳಿದ ಆರ್-134ಎ ಗ್ಯಾಸು ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮೀರಿ ಜೋರು. ಅದನ್ನು ಬಿಟ್ಟು ಬೇರೆ ಯಾವ ಗ್ಯಾಸಿನಲ್ಲಿ ಆರ್‌ಪಿಸಿ ಸರಿಯಾಗಿ ನಡೆಯುತ್ತದೆ ಅಂತ ಜಗತ್ತಿನ ಹಲವು ಲ್ಯಾಬುಗಳಲ್ಲಿ ಹುಡುಕಾಟ ನಡೆದಿದೆ. ಒಂದು ಮೇಜಿನ ಮೇಲೆ ಮಾಡಬಹುದಾದ, ಪ್ರಯೋಜನವಿರುವ, ಸ್ವಂತ ಹೆಸರಿನಲ್ಲಿ ನಿಲ್ಲುವ ಕೆಲಸ ಅಂದರೆ ಇಂಥದ್ದು.

ನೇರವಾಗಿ ವಿದೇಶದಲ್ಲೇ ಪಿಎಚ್‌ಡಿ ಮಾಡಬಹುದಾ? ಮಾಡಬಹುದು. ಅಮೆರಿಕ, ಜರ್ಮನಿ, ಜಪಾನ್‌ಗಳಲ್ಲಿ ಒಳ್ಳೆ ತಂಡಗಳು ಸ್ಟೈಪೆಂಡ್ ಕೊಟ್ಟೇ ಕರೆದುಕೊಳ್ಳುತ್ತವೆ. ಸ್ಟೈಪೆಂಡ್ ಇಲ್ಲದೆ, ಸಾಲ ಮಾಡಿ ಫಿಸಿಕ್ಸ್ ಪಿಎಚ್‌ಡಿಗೆ ಹೋಗುವುದು ಬೇಡವೇ ಬೇಡ. ವೀಸಾ, ಅಲ್ಲಿನ ಸರ್ಕಾರದ ಅನುದಾನ, ಇವೆಲ್ಲ ನಮ್ಮ ಕೈಯಲ್ಲಿಲ್ಲ ಎಂಬ ಅಪಾಯವೂ ಇದೆ. ಭಾರತದಲ್ಲಿ ಪಿಎಚ್‌ಡಿ ಮಾಡಿ ಪೋಸ್ಟ್‌ಡಾಕ್‌ಗೆ ಹೊರಗೆ ಹೋಗುವುದು ಬಹಳ ಜನ ಹಿಡಿಯುವ ದಾರಿ. ಅದರಲ್ಲಿ ಕೀಳರಿಮೆ ಪಡುವಂಥದ್ದು ಏನೂ ಇಲ್ಲ.

ದುಡ್ಡಿನ ವಿಷಯ. ನೀವು ಸಾಕಬೇಕಾಗಿಲ್ಲ. 2023ರಿಂದ ಪಿಎಚ್‌ಡಿ ವಿದ್ಯಾರ್ಥಿಗಳ ಫೆಲೋಶಿಪ್ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಅದರ ಮುಂದಿನ ಹಂತ ಎಸ್‌ಆರ್‌ಎಫ್ 42,000. ಹಾಸ್ಟೆಲ್ ಇಲ್ಲದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಒಬ್ಬಳ ಖರ್ಚಿಗೆ ಧಾರಾಳ ಸಾಕು. ನಿಮ್ಮ ಗೃಹ ಸಾಲದ ಕಂತಿಗೆ ಹೆಗಲು ಕೊಡಲು ಸಾಲದು, ಅದನ್ನು ಅವಳಿಂದ ನಿರೀಕ್ಷೆ ಮಾಡಬೇಡಿ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಫೆಲೋಶಿಪ್ ತಿಂಗಳುಗಟ್ಟಲೆ ತಡವಾಗಿ ಬರುವುದೂ ಉಂಟು. ಹಾಗಾಗಿ ಮೊದಲ ವರ್ಷ ಮೂರು–ನಾಲ್ಕು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡಿರಲಿ. ಹಾಸ್ಟೆಲ್ ಸಿಕ್ಕರೆ ತೆಗೆದುಕೊಳ್ಳಲಿ. ಡೊಂಬಿವಿಲಿಯಿಂದ ಕೊಲಾಬಾಕ್ಕೆ ದಿನಾ ಲೋಕಲ್‌ನಲ್ಲಿ ಓಡಾಡಿಕೊಂಡು ರಾತ್ರಿ ಒಂಬತ್ತರವರೆಗೆ ಡಿಟೆಕ್ಟರ್ ಮುಂದೆ ಕೂರಲು ಆಗುವುದಿಲ್ಲ. ನೀವೇ ದಿನಾ ರೈಲು ಹತ್ತುವವರು, ನಿಮಗೆ ಹೇಳಬೇಕಾಗಿಲ್ಲ.

ಎಷ್ಟು ವರ್ಷ? ಐದು ಅಂತ ಕಾಗದದಲ್ಲಿ ಇರುತ್ತದೆ. ಪ್ರಯೋಗದಲ್ಲಿ ಆರು ಅಂತ ಲೆಕ್ಕ ಹಿಡಿಯಿರಿ. ಆಮೇಲೆ ಎರಡು ಪೋಸ್ಟ್‌ಡಾಕ್, ಒಂದೊಂದು ಎರಡು–ಮೂರು ವರ್ಷ, ಸಾಮಾನ್ಯವಾಗಿ ಹೊರದೇಶದಲ್ಲಿ. ಕಾಯಂ ಅಧ್ಯಾಪಕಿ ಆಗುವ ಹೊತ್ತಿಗೆ ಮೂವತ್ತಮೂರು–ಮೂವತ್ತನಾಲ್ಕು. ಹೊಸಬರಿಗೆ ಐಐಟಿ, ಐಸರ್‌ಗಳಲ್ಲಿ ಮೂಲ ವೇತನವೇ ಲಕ್ಷದ ಮೇಲೆ ಇದೆ, ಬದುಕು ನಡೆಯುತ್ತದೆ. ಆದರೆ ಅಲ್ಲಿಗೆ ತಲುಪುವವರು ಎಲ್ಲರೂ ಅಲ್ಲ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಕರೆಯುವುದು ಅನ್ಯಾಯ. ನನಗೆ ಗೊತ್ತಿರುವ ಎಷ್ಟೋ ಒಳ್ಳೆ ಪ್ರಯೋಗಕಾರರು ಬೇರೆ ಕಡೆ ಹೋಗಿದ್ದಾರೆ. ಹೋದವರು ಸೋತವರು ಅಂತ ನಾನು ಯಾವತ್ತೂ ಎಣಿಸಿಲ್ಲ.

ಎಲ್ಲಿ ಹೋಗುತ್ತಾರೆ? ಡಿಟೆಕ್ಟರ್ ಎಲೆಕ್ಟ್ರಾನಿಕ್ಸ್‌ನಲ್ಲಿ ಎಫ್‌ಪಿಜಿಎ ಚಿಪ್‌ಗಳನ್ನು ಪ್ರೋಗ್ರಾಮ್ ಮಾಡಲು ಕಲಿತವರಿಗೆ ಪುಣೆ, ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಇದೆ. ಡೇಟಾ ವಿಶ್ಲೇಷಣೆ, ಪೈಥಾನ್, ಸಿ++ ಚೆನ್ನಾಗಿ ಬರುವವರು ನಿಮ್ಮ ಭಾವ ಹೇಳುವ ಅದೇ ಡೇಟಾ ಸೈನ್ಸ್‌ಗೆ ಹೋಗುತ್ತಾರೆ, ಕೋರ್ಸಿಗೆ ದುಡ್ಡು ಕಟ್ಟದೆ. ವೈದ್ಯಕೀಯ ಉಪಕರಣ ತಯಾರಿಸುವ ಕಡೆಯೂ ಹೋಗುತ್ತಾರೆ, ಪೆಟ್ ಸ್ಕ್ಯಾನ್ ಯಂತ್ರದೊಳಗೆ ಇರುವುದೂ ಸಿಂಟಿಲೇಟರೇ. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಗುರುತ್ವ ಅಲೆಗಳನ್ನು ಹಿಡಿಯುವ ಲೈಗೊ-ಇಂಡಿಯಾಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿದೆ, ಪುಣೆಯ ಖಗೋಳವಿಜ್ಞಾನ ಸಂಸ್ಥೆ ಐಯುಕಾ ಅದರಲ್ಲಿ ಪಾಲುದಾರ. ಅಲ್ಲೂ ಸೂಕ್ಷ್ಮ ಉಪಕರಣ ಗೊತ್ತಿರುವವರು ಬೇಕಾಗುತ್ತಾರೆ. ಒಂದು ತಪ್ಪು ಕಲ್ಪನೆ ಮಾತ್ರ ಬೇಡ. ಡಿಟೆಕ್ಟರ್‌ನಲ್ಲಿ ಪಿಎಚ್‌ಡಿ ಇದ್ದ ಮಾತ್ರಕ್ಕೆ ಆಸ್ಪತ್ರೆಯಲ್ಲಿ ಮೆಡಿಕಲ್ ಫಿಸಿಸಿಸ್ಟ್ ಆಗಲು ಬರುವುದಿಲ್ಲ. ಅದಕ್ಕೆ ಬಿಎಆರ್‌ಸಿ ನಡೆಸುವ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾದಂಥ, ಅಣುಶಕ್ತಿ ನಿಯಂತ್ರಣ ಮಂಡಳಿ ಒಪ್ಪಿದ ಅರ್ಹತೆ ಬೇಕು. ‘ಏನೂ ಆಗದಿದ್ದರೆ ಆಸ್ಪತ್ರೆ ಇದೆ’ ಅಂದುಕೊಂಡು ಬಂದವರು ಕೊನೆಗೆ ಪೇಚಾಡಿದ್ದನ್ನು ನೋಡಿದ್ದೇನೆ.

ಅವಳ ಅಮ್ಮನ ಭಯಕ್ಕೆ ಬರುತ್ತೇನೆ. ಅಮ್ಮ ಕೇಳಲೇಬೇಕಾದ ಪ್ರಶ್ನೆ ಅದು. ನ್ಯೂಟ್ರಿನೊದಿಂದ ಯಾವ ತೊಂದರೆಯೂ ಇಲ್ಲ. ಸೂರ್ಯನಿಂದ ಬರುವ ನ್ಯೂಟ್ರಿನೊಗಳು ನಮ್ಮ ಮೈಯ ಒಂದೊಂದು ಚದರ ಸೆಂಟಿಮೀಟರಿನಲ್ಲೂ ಸೆಕೆಂಡಿಗೆ ಸುಮಾರು 6,500 ಕೋಟಿ ಹಾದುಹೋಗುತ್ತಿವೆ. ಹಗಲೂ ರಾತ್ರಿ, ಅಡುಗೆಮನೆಯಲ್ಲೂ, ಲೋಕಲ್ ಟ್ರೇನಿನಲ್ಲೂ. ಯಾವುದಕ್ಕೂ ತಾಗದೆ ಹೋಗುತ್ತವೆ ಎಂದೇ ಅವನ್ನು ಹಿಡಿಯಲು ಸಾವಿರಾರು ಟನ್ ಡಿಟೆಕ್ಟರ್ ಬೇಕಾಗುವುದು. ಲ್ಯಾಬಿನಲ್ಲಿ ಡಿಟೆಕ್ಟರ್ ಪರೀಕ್ಷೆಗೆ ಸೀಸಿಯಂ, ಕೋಬಾಲ್ಟ್‌ನಂಥ ಸಣ್ಣ ವಿಕಿರಣ ಮೂಲಗಳನ್ನು ಬಳಸುತ್ತಾರೆ. ಅವು ಬಿಲ್ಲೆಯೊಳಗೆ ಮುಚ್ಚಿರುತ್ತವೆ, ತೆಗೆಯುವಾಗ ಇಡುವಾಗ ರಿಜಿಸ್ಟರ್‌ನಲ್ಲಿ ಬರೆಯಬೇಕು. ವಿಕಿರಣದ ಕೆಲಸ ಇರುವ ಕಡೆ ಎದೆಗೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಕಟ್ಟಿಕೊಳ್ಳಬೇಕು. ನಮ್ಮ ನಿಯಮದಲ್ಲಿ ಕೆಲಸಗಾರರಿಗೆ ತಾಗಬಹುದಾದ ವಿಕಿರಣದ ಮಿತಿ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ಮೀರುವಂತಿಲ್ಲ. ಇಂಥ ಲ್ಯಾಬಿನವರಿಗೆ ತಾಗುವುದು ಅದರ ಹತ್ತಿರಕ್ಕೂ ಬರುವುದಿಲ್ಲ. ಗರ್ಭಿಣಿಯಾದಾಗ ತಿಳಿಸಿದರೆ ಮಿತಿ ಇನ್ನೂ ಬಹಳ ಬಿಗಿ.

ನನಗೆ ಭಯ ಇರುವುದು ಬೇರೆ ಕಡೆ. 10,000 ವೋಲ್ಟ್. ಗ್ಯಾಸ್ ಸಿಲಿಂಡರು, ಅದರಲ್ಲೂ ಬೆಂಕಿ ಹತ್ತುವ ಐಸೊಬ್ಯೂಟೇನ್. ಮುಚ್ಚಿದ ಕೋಣೆಯಲ್ಲಿ ದ್ರವ ನೈಟ್ರೋಜನ್ ಅಥವಾ ಆರ್ಗಾನ್ ಆವಿಯಾದರೆ ಆಮ್ಲಜನಕ ಕಡಿಮೆಯಾಗಿ, ವಾಸನೆಯೂ ಬರದೆ, ಮನುಷ್ಯ ಕುಸಿದು ಬೀಳಬಹುದು. ಲ್ಯಾಬಿನಲ್ಲಿ ಆಮ್ಲಜನಕ ಅಳೆಯುವ ಅಲಾರ್ಮ್ ಇದೆಯೇ, ರಾತ್ರಿ ಒಬ್ಬಳೇ ಹೈ ವೋಲ್ಟೇಜ್ ಕೆಲಸ ಮಾಡುವಂತಿಲ್ಲ ಎಂಬ ನಿಯಮ ಇದೆಯೇ, ಸೇರುವ ಮೊದಲೇ ಅವಳು ಕೇಳಲಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಲ್ಯಾಬು ಬೇಡ.

ಗಣಿಯ ವಿಷಯ ಚಿಕ್ಕದು. ಈಗಿನ ಭೂಗತ ಪ್ರಯೋಗಾಲಯಗಳಲ್ಲಿ ದೀಪ, ಗಾಳಿ, ಇಂಟರ್ನೆಟ್ ಎಲ್ಲ ಇರುತ್ತದೆ. ಜಪಾನಿನ ಸೂಪರ್-ಕಾಮಿಯೊಕಾಂಡೆಗೆ ಸುರಂಗದಲ್ಲಿ ಕಾರಿನಲ್ಲೇ ಹೋಗುತ್ತಾರೆ. ವರ್ಷದ ಬಹುಪಾಲು ದಿನ ಕೆಲಸ ಮೇಲೆಯೇ, ಮೇಜಿನ ಮುಂದೆ. ಹುಡುಗಿಯರಿಗೆ ಆಗುತ್ತದಾ ಅಂತ ಕೇಳಿದಿರಿ. ಭೌತವಿಜ್ಞಾನಿ ಬಿಭಾ ಚೌಧುರಿ ಟಿಐಎಫ್‌ಆರ್ ಸೇರಿದ್ದು 1949ರಲ್ಲಿ, ಕಾಸ್ಮಿಕ್ ಕಿರಣಗಳ ಪ್ರಯೋಗಕ್ಕೇ. ಕೈಕೆಲಸದಲ್ಲಿ ನಾನು ನೋಡಿದ ಅತಿ ಅಚ್ಚುಕಟ್ಟಾದ ಡಿಟೆಕ್ಟರ್‌ಗಳನ್ನು ಕಟ್ಟಿದವರಲ್ಲಿ ಹೆಣ್ಣುಮಕ್ಕಳು ಬಹಳ ಇದ್ದಾರೆ. ಅವರಿಗೆ ಕಷ್ಟವಾದದ್ದು ಯಂತ್ರದಿಂದ ಅಲ್ಲ. ಪೋಸ್ಟ್‌ಡಾಕ್ ವರ್ಷಗಳಲ್ಲಿ ಎರಡೆರಡು ವರ್ಷಕ್ಕೆ ದೇಶ ಬದಲಿಸುವಾಗ ಮದುವೆ, ಮಗು, ಗಂಡನ ಕೆಲಸ ಇವನ್ನೆಲ್ಲ ಹೊಂದಿಸುವುದು ನಿಜವಾಗಿ ಕಷ್ಟ. ಆಗ ಮನೆಯವರು ‘ಇನ್ನೂ ಎಷ್ಟು ಓದು’ ಅನ್ನದೆ ಜೊತೆ ನಿಂತರೆ ಅದರಷ್ಟು ದೊಡ್ಡ ಸಹಾಯ ಇನ್ನೊಂದಿಲ್ಲ.

ಇನ್ನು ಈಗ ಮಾಡಬೇಕಾದ್ದು. ಟಿಐಎಫ್‌ಆರ್‌ನ ಜಿಎಸ್ ಪ್ರವೇಶ ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿರುತ್ತದೆ, ಅರ್ಜಿ ಅದಕ್ಕೆ ಮೊದಲೇ. ಜೆಸ್ಟ್, ಗೇಟ್, ಸಿಎಸ್‌ಐಆರ್ ನೆಟ್, ಈ ಮೂರು ರಾಷ್ಟ್ರಮಟ್ಟದ ಪರೀಕ್ಷೆಗಳನ್ನೂ ಬರೆಯಲಿ. ಒಂದರ ಮೇಲೇ ಕೂರಬಾರದು. ಸಂದರ್ಶನದಲ್ಲಿ ನಾವು ನ್ಯೂಟ್ರಿನೊ ಬಗ್ಗೆ ದೊಡ್ಡ ಪ್ರಶ್ನೆ ಕೇಳುವುದಿಲ್ಲ. ಸಿಗ್ನಲ್‌ನ ರೂಪ ತೋರಿಸುವ ಆಸಿಲೊಸ್ಕೋಪ್‌ನ ಚಿತ್ರ ತೋರಿಸಿ ಈ ಸಿಗ್ನಲ್ ಯಾಕೆ ಹೀಗಿದೆ ಅಂತ ಕೇಳುತ್ತೇವೆ. ಎಂ.ಎಸ್ಸಿ.ಯ ಎಲೆಕ್ಟ್ರಾನಿಕ್ಸ್ ಪುಸ್ತಕ, ಕಣಗಳು ವಸ್ತುವಿನಲ್ಲಿ ಶಕ್ತಿ ಕಳೆದುಕೊಳ್ಳುವ ಬಗೆ, ಸಂಭವನೀಯತೆಯ ಲೆಕ್ಕ, ಇಷ್ಟು ಗಟ್ಟಿ ಮಾಡಿಕೊಂಡರೆ ಸಾಕು.

ಆಫರ್ ಬಂದ ಮೇಲೆ ಗೈಡ್ ಹತ್ತಿರ ಸಂಕೋಚವಿಲ್ಲದೆ ಕೇಳಬೇಕಾದ್ದು ಇವು. ಥೀಸಿಸ್‌ಗೆ ಬೇಕಾದ ಡೇಟಾ ಈಗಲೇ ಬರುತ್ತಿದೆಯೇ, ಮುಂದೆ ಬರಬೇಕಾದದ್ದೇ? ಮುಖ್ಯ ಪ್ರಯೋಗ ಎರಡು ವರ್ಷ ತಡವಾದರೆ ಬದಲಿ ಥೀಸಿಸ್ ಯಾವುದು? ನಿಮ್ಮ ನಿವೃತ್ತಿ ಯಾವಾಗ? ನಿಮ್ಮ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ? ಆ ವಿದ್ಯಾರ್ಥಿಗಳಲ್ಲಿ ಇಬ್ಬರಿಗಾದರೂ ಫೋನ್ ಮಾಡಿ ಮಾತಾಡಲಿ, ಗೈಡ್ ಇಲ್ಲದಿರುವಾಗ. ಎರಡನೇ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದಿದ್ದರೆ, ಎಷ್ಟೇ ದೊಡ್ಡ ಹೆಸರಿನ ಸಂಸ್ಥೆಯಾಗಿರಲಿ, ಇನ್ನೊಂದು ತಂಡ ನೋಡುವುದೇ ಒಳ್ಳೆಯದು.

ಡೇಟಾ ಸೈನ್ಸ್ ಕೋರ್ಸಿಗೆ ಈಗ ದುಡ್ಡು ಕಟ್ಟಬೇಡಿ. ಈ ವರ್ಷದ ಪರೀಕ್ಷೆಗಳು ಮುಗಿಯಲಿ. ಎಲ್ಲೂ ಸಿಗದಿದ್ದರೆ ಮನೆಯಲ್ಲಿ ಕೂತು ಮತ್ತೆ ಪರೀಕ್ಷೆಗೆ ಓದುವ ಬದಲು, ಯಾವುದಾದರೂ ಲ್ಯಾಬಿನಲ್ಲಿ ಒಂದು ವರ್ಷ ಪ್ರಾಜೆಕ್ಟ್ ಸಹಾಯಕಿಯಾಗಿ ಸೇರಲಿ. ಸಂಬಳ ಬರುತ್ತದೆ, ಕೈ ಪಳಗುತ್ತದೆ, ಮುಂದಿನ ವರ್ಷದ ಸಂದರ್ಶನಕ್ಕೆ ಹೇಳಲು ಸ್ವಂತ ಕೆಲಸ ಇರುತ್ತದೆ. ಆಫರ್‌ಗಳು ಬಂದಾಗ, ಯಾವ ತಂಡ, ಯಾವ ಪ್ರಯೋಗ, ಗೈಡ್ ಕೊಟ್ಟ ಉತ್ತರ ಏನು ಅಂತ ಅವಳಿಂದಲೇ ಬರೆಸಿ ಕಳಿಸಿ. ಒಂದೊಂದನ್ನೂ ನೋಡಿ ನನ್ನ ಅಭಿಪ್ರಾಯ ಹೇಳುತ್ತೇನೆ.